ಎರಡೂ ಒಳ್ಳೆಯ ಕಾಲೇಜುಗಳೇ ಆದಾಗ

(ಬೆಂಗಳೂರಿನ ಜೀವನ್ ಬಿಮಾ ನಗರದಲ್ಲಿ ಜರುಗಿದ ಹೆತ್ತವರ ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಪರೀಕ್ಷೆಯ ಫಲಿತಾಂಶ ಪ್ರಕಟವಾದ ಬಳಿಕದ ಕೆಲವು ವಾರಗಳಲ್ಲಿ ನಮಗೆ ಬರುವ ದೂರವಾಣಿ ಕರೆಗಳ ಸ್ವರೂಪವೇ ಬದಲಾಗುತ್ತದೆ. ಇತರ ದಿನಗಳಲ್ಲಿ ಲೇಖನದ ಬಗ್ಗೆ, ಯಾವುದೋ ಮಸ್‌ಅಲದ ಬಗ್ಗೆ, ರಾಜಕೀಯದ ಬಗ್ಗೆ ವಿಚಾರಿಸುವವರು ಈ ದಿನಗಳಲ್ಲಿ ಒಂದೇ ಪ್ರಶ್ನೆ ಕೇಳುತ್ತಾರೆ: “ಮೌಲವಿ ಸಾಹೇಬರೇ, ಮಗಳಿಗೆ ಎರಡು ಕಡೆ ಸೀಟು ಸಿಕ್ಕಿದೆ. ಎರಡೂ ಒಳ್ಳೆಯ ಕಾಲೇಜುಗಳು. ಯಾವುದಕ್ಕೆ ಸೇರಿಸೋಣ?”

ಮೊದಲು ನಾವು ಅಲ್‌ಹಮ್ದುಲಿಲ್ಲಾಹ್ ಎನ್ನುತ್ತೇವೆ. ಏಕೆಂದರೆ ಇದು ಸೌಭಾಗ್ಯವಂತರ ಸಮಸ್ಯೆ. ಈ ಸಭೆಯಲ್ಲಿರುವ ಹಿರಿಯರು ತಮ್ಮ ಯೌವನವನ್ನು ನೆನಪಿಸಿಕೊಳ್ಳಲಿ. 1940ರಲ್ಲಿ ಆರಂಭವಾದ ಎಚ್‌ಎಎಲ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕರೆ ಮನೆಗೆ ಬೆಳಕು ಬಂದಂತೆ ಎಂದು ಭಾವಿಸಿದ ತಲೆಮಾರು ಈ ಸುತ್ತಮುತ್ತಲಲ್ಲಿ ಬದುಕಿತ್ತು. ಆಗ ಮನೆಗಳಲ್ಲಿ ಚರ್ಚೆಯಾಗುತ್ತಿದ್ದುದು ಕಾಲೇಜಿಗೆ ಕಳುಹಿಸಬೇಕೇ ಬೇಡವೇ ಎಂಬುದು. ಹೆಣ್ಣುಮಕ್ಕಳ ವಿಷಯದಲ್ಲಂತೂ ಆ ಚರ್ಚೆಯೂ ಇರಲಿಲ್ಲ. 1966ರಲ್ಲಿ ವೈದ್ಯರಾಗಿದ್ದ ಡಾ. ಮುಮ್ತಾಝ್ ಅಹ್ಮದ್ ಖಾನ್‌ರವರು ಇದೇ ನಗರದಲ್ಲಿ ಅಲ್ ಅಮೀನ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, 2021ರಲ್ಲಿ ನಿಧನರಾಗುವವರೆಗೂ ಸಮುದಾಯದ ಮುಂದೆ ಇಟ್ಟ ಬೇಡಿಕೆ ಒಂದೇ ಆಗಿತ್ತು: ಮಕ್ಕಳನ್ನು ಓದಿಸಿ. 2006ರಲ್ಲಿ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು ವರದಿ ಸಲ್ಲಿಸಿದಾಗ, ಇಪ್ಪತ್ತು ವರ್ಷ ದಾಟಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ನೂರಕ್ಕೆ ನಾಲ್ವರೂ ಇಲ್ಲ ಎಂಬ ಕಹಿ ಸತ್ಯ ದೇಶದ ಮುಂದೆ ಬಂತು. ಆ ಲೆಕ್ಕ 2001ರ ಜನಗಣತಿಯದು. ಅಂಥ ಹಿನ್ನೆಲೆಯ ಸಮುದಾಯದ ಒಂದು ಮನೆಯಲ್ಲಿ ಇಂದು ಮೇಜಿನ ಮೇಲೆ ಎರಡು ಕಾಲೇಜುಗಳ ಪ್ರವೇಶ ಪತ್ರಗಳಿವೆಯೆಂದರೆ ಅದು ಕೃತಜ್ಞತೆಗೆ ಅರ್ಹವಾದ ಸಂಗತಿಯಲ್ಲವೇ?

ಆದರೆ ಅನುಗ್ರಹವೂ ಒಂದು ಪರೀಕ್ಷೆಯೇ. ಒಳ್ಳೆಯದು ಮತ್ತು ಕೆಟ್ಟದ್ದರ ನಡುವೆ ಆರಿಸುವಾಗ ನಾವು ಎಚ್ಚರದಿಂದಿರುತ್ತೇವೆ. ಎರಡೂ ಒಳ್ಳೆಯದಾಗಿರುವಾಗ ಹಟಕ್ಕೆ ಬೀಳುತ್ತೇವೆ. ಆ ಹಟದಲ್ಲಿ ಮಕ್ಕಳು ನಲುಗಿದ ಮನೆಗಳನ್ನು ನಾವು ಕಂಡಿದ್ದೇವೆ.

ಹೆಸರಿನ ಹಿಂದೆ ಹೋದ ಒಂದು ಮನೆ

ನಮಗೆ ಪರಿಚಿತವಾದ ಒಂದು ಕುಟುಂಬದ ಕಥೆಯನ್ನು, ತಂದೆಯ ಅನುಮತಿ ಪಡೆದು, ಹೆಸರು ಹೇಳದೆ ನಿಮ್ಮ ಮುಂದಿಡುತ್ತೇವೆ. ಮಗ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಗಳಿಸಿದ. ಪಿಯುಸಿ ವಿಜ್ಞಾನ ವಿಭಾಗಕ್ಕೆ ಎರಡು ಕಾಲೇಜುಗಳಲ್ಲಿ ಸೀಟು ದೊರೆಯಿತು. ಒಂದು ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಇನ್ನೊಂದು ನಗರದ ಇನ್ನೊಂದು ಅಂಚಿನಲ್ಲಿ. ತರಬೇತಿಯೂ ಪಾಠವೂ ಒಂದೇ ಕಡೆ ಇರುವ, ಎಲ್ಲರ ಬಾಯಲ್ಲಿ ಹೆಸರಿರುವ ಕಾಲೇಜು. ಎರಡರ ಫಲಿತಾಂಶವೂ ಚೆನ್ನಾಗಿತ್ತು. ಹುಡುಗನಿಗೆ ಹತ್ತಿರದ್ದು ಇಷ್ಟವಿತ್ತು. ಆದರೆ ಅದೇ ವಾರ ಒಂದು ನಿಕಾಹ್ ಸಮಾರಂಭದಲ್ಲಿ ತಂದೆ ನಾಲ್ಕು ಜನ ಬಂಧುಗಳೆದುರು ದೂರದ ಕಾಲೇಜಿನ ಹೆಸರನ್ನು ಹೇಳಿಬಿಟ್ಟಿದ್ದರು. ಹೇಳಿದ ಮೇಲೆ ಹಿಂದೆ ಸರಿಯುವುದು ಹೇಗೆ?

ಹುಡುಗ ಬೆಳಿಗ್ಗೆ ಐದೂವರೆಗೆ ಮನೆ ಬಿಡುತ್ತಿದ್ದ. ರಾತ್ರಿ ಎಂಟಕ್ಕೆ ಹಿಂತಿರುಗುತ್ತಿದ್ದ. ಬಸ್ಸಿನಲ್ಲಿ ನಿದ್ದೆ, ತರಗತಿಯಲ್ಲಿ ತೂಕಡಿಕೆ. ಮೊದಲ ಕಿರುಪರೀಕ್ಷೆಯಲ್ಲಿ ಅಂಕಗಳು ಇಳಿದಾಗ ಆತ ಬದಲಾಯಿಸುವ ಮಾತೆತ್ತಿದ. “ಅಷ್ಟು ಹಣ ಕಟ್ಟಿದ್ದೇವೆ, ಸಹಿಸಿಕೋ” ಎಂಬ ಉತ್ತರ ಬಂತು. ಪಿಯುಸಿಯನ್ನು ಆತ ಹೇಗೋ ಮುಗಿಸಿದ, ಆದರೆ ಪುಸ್ತಕದ ಮೇಲಿನ ಪ್ರೀತಿ ಮುಗಿದು ಹೋಗಿತ್ತು. ಇಂದು ಆತ ಒಂದು ಮೊಬೈಲ್ ಅಂಗಡಿಯಲ್ಲಿ ದುಡಿಯುತ್ತಾನೆ. ಹಲಾಲ್ ಸಂಪಾದನೆಯ ಯಾವ ಕೆಲಸವೂ ಕೀಳಲ್ಲ. ಆದರೆ ಅದು ಆತ ಬಯಸಿದ ದಾರಿಯಾಗಿರಲಿಲ್ಲ. ತಂದೆ ನಮ್ಮೊಡನೆ ಹೇಳಿದ ಮಾತಿದು: “ಆ ಕಾಲೇಜಿನದು ಏನೂ ತಪ್ಪಿಲ್ಲ. ನಾನು ನನಗಾಗಿ ಕಾಲೇಜು ಆರಿಸಿದೆ. ಓದಬೇಕಾಗಿದ್ದವನು ಅವನು.”

ಇಲ್ಲಿ ಗಮನಿಸಬೇಕಾದ ವಿಷಯವಿದೆ. ರಾಜ್ಯದ ಪಠ್ಯಕ್ರಮದ ಪಿಯು ಕಾಲೇಜುಗಳ ದ್ವಿತೀಯ ಪಿಯುಸಿ ಪರೀಕ್ಷೆಯನ್ನು ನಡೆಸುವುದು ಒಂದೇ ಮಂಡಳಿ. ಹೆಸರಾಂತ ಕಾಲೇಜಿನ ಮಗುವೂ ಬೀದಿ ಬದಿಯ ಸರಕಾರಿ ಕಾಲೇಜಿನ ಮಗುವೂ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರಿಸುತ್ತಾರೆ. ಸಿಇಟಿ ಮೂಲಕ ಇಂಜಿನಿಯರಿಂಗ್ ಸೀಟು ಹಂಚುವಾಗ ಪಿಯುಸಿಯ ಅಂಕಗಳಿಗೆ ಅರ್ಧ ಮತ್ತು ಸಿಇಟಿಯ ಅಂಕಗಳಿಗೆ ಅರ್ಧ ತೂಕ ಕೊಟ್ಟು ರ್‍ಯಾಂಕ್ ನಿರ್ಧರಿಸುತ್ತಾರೆ. ವೈದ್ಯಕೀಯಕ್ಕೆ ನೀಟ್ ಅಂಕವೇ ಮುಖ್ಯ. ಕಾಲೇಜಿನ ಹೆಸರಿಗೆ ಈ ಲೆಕ್ಕದಲ್ಲಿ ಒಂದು ಅಂಕವೂ ಇಲ್ಲ. ಹೀಗಿರುವಾಗ ದಿನಕ್ಕೆ ನಾಲ್ಕು ಗಂಟೆಯ ನಿದ್ದೆ ಮತ್ತು ಓದನ್ನು ಬಸ್ಸಿಗೆ ಕೊಟ್ಟು ಹೆಸರನ್ನು ಪಡೆಯುವುದು ಲಾಭದ ವ್ಯಾಪಾರವೇ?

ಪ್ರಶ್ನೆಯನ್ನು ಬದಲಿಸೋಣ

ಆದ್ದರಿಂದ ‘ಯಾವ ಕಾಲೇಜು ಹೆಚ್ಚು ಒಳ್ಳೆಯದು?’ ಎಂಬ ಪ್ರಶ್ನೆಯನ್ನು ಬದಿಗಿಡೋಣ. ಎರಡೂ ಒಳ್ಳೆಯವು ಎಂದು ನೀವೇ ಒಪ್ಪಿದ್ದೀರಿ. ಇನ್ನು ಕೇಳಬೇಕಾದ್ದು, ‘ಈ ಮಗು ಎಲ್ಲಿ ಪ್ರತಿದಿನ ಹೋಗಿ, ಕುಳಿತು, ಮನಸ್ಸಿಟ್ಟು ಓದೀತು?’ ಎಂಬುದನ್ನು. ಈ ಪ್ರಶ್ನೆಗೆ ಉತ್ತರ ನೆಂಟರಲ್ಲಿ ಸಿಗದು, ವಿಚಾರಣೆಯಿಂದ ಸಿಗುತ್ತದೆ. ವಿಚಾರಿಸಬೇಕಾದ ಕೆಲವು ಸಂಗತಿಗಳನ್ನು ಹೇಳುತ್ತೇವೆ.

ಮೊದಲನೆಯದು ವಿಷಯಗಳ ಜೋಡಣೆ. ಪಿಯುಸಿಯಲ್ಲಿ ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ವಿಜ್ಞಾನ ತೆಗೆದುಕೊಂಡ ಮಗುವಿಗೆ ನಾಳೆ ವೈದ್ಯಕೀಯದ ದಾರಿ ಕಠಿಣವಾಗುತ್ತದೆ. ವಾಣಿಜ್ಯ ವಿಭಾಗದಲ್ಲೂ ಸಂಖ್ಯಾಶಾಸ್ತ್ರ, ಇತಿಹಾಸ, ಕಂಪ್ಯೂಟರ್ ಎಂದು ಬೇರೆ ಬೇರೆ ಜೋಡಣೆಗಳಿವೆ. ಮಗುವಿಗೆ ಬೇಕಾದ ಜೋಡಣೆ ಒಂದೇ ಕಾಲೇಜಿನಲ್ಲಿದ್ದರೆ ಚರ್ಚೆ ಅಲ್ಲಿಗೇ ಮುಗಿಯಿತು. ಪದವಿಗೆ ಸೇರುವವರು, ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ, ಸ್ವಾಯತ್ತವೇ, ಕೋರ್ಸು ಮೂರು ವರ್ಷದ್ದೇ ನಾಲ್ಕು ವರ್ಷದ್ದೇ ಎಂಬುದನ್ನು ಕೇಳಲೇಬೇಕು. ಬೆಂಗಳೂರು ವಿಶ್ವವಿದ್ಯಾಲಯವು 2017ರಲ್ಲಿ ಮೂರಾಗಿದೆ. 2021ರಲ್ಲಿ ರಾಜ್ಯಕ್ಕೆ ಬಂದ ನಾಲ್ಕು ವರ್ಷದ ಪದವಿ ಪದ್ಧತಿಯನ್ನು 2024ರಲ್ಲಿ ಕೈಬಿಟ್ಟು ರಾಜ್ಯದ ವಿಶ್ವವಿದ್ಯಾಲಯಗಳು ಮೂರು ವರ್ಷಕ್ಕೆ ಮರಳಿದವು. ಅಣ್ಣ ಓದಿದ ಕಾಲದ ನಿಯಮ ತಂಗಿಯ ಕಾಲಕ್ಕೆ ಇರಲಾರದು.

ಎರಡನೆಯದು ಭಾಷೆ. ಉರ್ದು ಅಥವಾ ಅರಬಿಯನ್ನು ಭಾಷಾ ವಿಷಯವಾಗಿ ಓದುವ ಅವಕಾಶ ಎಲ್ಲ ಕಾಲೇಜುಗಳಲ್ಲಿ ಇರುವುದಿಲ್ಲ. ಬೇಕಾದವರು ಮೊದಲೇ ಕೇಳಿ ತಿಳಿಯಬೇಕು. ಜೊತೆಗೆ ಒಂದು ಕಿವಿಮಾತು: ಅಂಕ ಸುಲಭವೆಂದು ಕನ್ನಡವನ್ನು ಪೂರ್ತಿ ಕೈಬಿಡಬೇಡಿ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಓದದವರು ರಾಜ್ಯದ ಸರಕಾರಿ ಉದ್ಯೋಗಕ್ಕೆ ಹೋಗುವಾಗ ಲೋಕಸೇವಾ ಆಯೋಗದ ಕಡ್ಡಾಯ ಕನ್ನಡ ಪರೀಕ್ಷೆಯನ್ನು ದಾಟಬೇಕಾಗುತ್ತದೆ. ಮದ್ರಸದಿಂದ ಹೊರಬಂದು ಕಲಾ ಪದವಿಗೆ ಸೇರಿದ ನಮಗೆ ಅನ್ನದ ದಾರಿ ತೋರಿಸಿದ್ದು ಈ ನಾಡಿನ ಭಾಷೆಯೇ.

ಮೂರನೆಯದು ಹಣ. ಮೊದಲ ವರ್ಷದ ಶುಲ್ಕವನ್ನಷ್ಟೇ ನೋಡಿ ನಿರ್ಧರಿಸಬೇಡಿ. ಉದಾಹರಣೆಗೆ ವರ್ಷಕ್ಕೆ 20,000 ರೂಪಾಯಿ ವ್ಯತ್ಯಾಸವಿದ್ದರೆ ಮೂರು ವರ್ಷಕ್ಕೆ ಅದು 60,000. ಅದರ ಮೇಲೆ ಪ್ರಯಾಣ, ಪುಸ್ತಕ, ಊಟ, ಪರೀಕ್ಷಾ ಶುಲ್ಕ. ಈ ಹೊರೆಯಿಂದ ಕಿರಿಯ ಮಗುವಿನ ಓದು ನಿಲ್ಲುವುದಾದರೆ, ಅಗ್ಗದ ಕಾಲೇಜೇ ಆ ಮನೆಗೆ ಒಳ್ಳೆಯ ಕಾಲೇಜು. ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮುಂಚಿತವಾಗಿ ಪಡೆದಿಡಿ. 2023ರ ಮಾರ್ಚ್‌ನಲ್ಲಿ ಪ್ರವರ್ಗ 2ಬಿಯನ್ನು ರದ್ದುಪಡಿಸಿ ಅಂದಿನ ರಾಜ್ಯ ಸರಕಾರ ಹೊರಡಿಸಿದ ಆದೇಶ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, ಜಾರಿಗೆ ಬರದೆ ಉಳಿಯಿತು. ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಹೀಗೆ ಒಂದೊಂದೇ ಬಾಗಿಲು ಅಲುಗಾಡುತ್ತಿರುವಾಗ, ತೆರೆದಿರುವ ಬಾಗಿಲಿನ ಮುಂದೆ ಕಾಗದಪತ್ರವಿಲ್ಲದೆ ನಿಲ್ಲುವುದು ನಮ್ಮದೇ ಅಪರಾಧ. ವೃತ್ತಿಪರ ಕೋರ್ಸುಗಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯೋಜನೆಯಿದೆ. ಅದರ ಬಗ್ಗೆಯೂ ವಿಚಾರಿಸಿರಿ.

ನಾಲ್ಕನೆಯದು ಹೆಣ್ಣುಮಕ್ಕಳ ಉಡುಪು. 2022ರ ಫೆಬ್ರವರಿಯಲ್ಲಿ ಈ ರಾಜ್ಯದಲ್ಲಿ ನಡೆದುದನ್ನು ನಾವ್ಯಾರೂ ಮರೆತಿಲ್ಲ. ಕಾಲೇಜಿನ ಗೇಟಿನ ಹೊರಗೆ ನಿಂತ ಮಕ್ಕಳನ್ನು ಕಂಡಿದ್ದೇವೆ. ಅದೇ ವರ್ಷ ಮಾರ್ಚ್ 15ರಂದು ಹೈಕೋರ್ಟ್ ಸಮವಸ್ತ್ರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಆ ಗೊಂದಲದಲ್ಲಿ ಅನೇಕ ಹೆಣ್ಣುಮಕ್ಕಳು ವರ್ಷವನ್ನೇ ಕಳೆದುಕೊಂಡರು. ಆದ್ದರಿಂದ ಕಾಲೇಜಿನ ಉಡುಪಿನ ನಿಯಮವೇನೆಂದು ಶುಲ್ಕ ಕಟ್ಟುವ ಮೊದಲೇ ಕಚೇರಿಯಲ್ಲಿ ಸೌಜನ್ಯದಿಂದ ಕೇಳಿ. ನಿಯಮಾವಳಿಯ ಪುಸ್ತಕವಿದ್ದರೆ ಓದಿ. ಕೇಳಲು ಸಂಕೋಚ ಬೇಡ. ಸೇರಿದ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಮಗುವಿಗೂ ಕಾಲೇಜಿಗೂ ಒಳಿತು.

ಇನ್ನೂ ಒಂದು ವಾದವನ್ನು ಕೇಳುತ್ತೇವೆ. “ನಮ್ಮವರ ಕಾಲೇಜಿಗೇ ಸೇರಿಸಬೇಕು” ಎಂದು ಕೆಲವರು, “ನಮ್ಮವರ ಕಾಲೇಜು ಬೇಡ, ಕ್ರೈಸ್ತರ ಕಾಲೇಜೇ ಮೇಲು” ಎಂದು ಇನ್ನು ಕೆಲವರು. ಸಂವಿಧಾನದ 30ನೇ ವಿಧಿಯು ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಆ ಹಕ್ಕಿನಿಂದಲೇ ಅಲ್ ಅಮೀನ್ ಕೂಡ ಬೆಳೆಯಿತು, ಕ್ರೈಸ್ತ ಸಂಸ್ಥೆಗಳೂ ಬೆಳೆದವು. 1882ರಲ್ಲಿ ಆರಂಭವಾದ ಸೇಂಟ್ ಜೋಸೆಫ್ಸ್ 2022ರಲ್ಲಿ ವಿಶ್ವವಿದ್ಯಾಲಯವಾಯಿತು. 1948ರ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಎಲ್ಲ ಧರ್ಮಗಳ ಹೆಣ್ಣುಮಕ್ಕಳು ಓದಿದ್ದಾರೆ. ವಸ್ತುತಃ ಪ್ರಾಮಾಣಿಕವಾಗಿ ಪಾಠ ಮಾಡುವ ಪ್ರತಿಯೊಂದು ಕಾಲೇಜೂ ನಮ್ಮದೇ. ಸರಕಾರಿ ಕಾಲೇಜಂತೂ ನಮ್ಮ ತೆರಿಗೆಯ ಹಣದಿಂದಲೇ ನಡೆಯುತ್ತದೆ.

ಚೀಟಿಯಲ್ಲಿ ಬರೆದ ಭಯ

ಈಗ ಎರಡನೆಯ ಮನೆಯ ಕಥೆ. ಇದೂ ಈ ಸುತ್ತಮುತ್ತಲಿನದೇ. ವಾಣಿಜ್ಯ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ ಹುಡುಗಿ. ಬಿ.ಕಾಂ.ಗೆ ಎರಡು ಕಡೆ ಪ್ರವೇಶ ದೊರೆಯಿತು. ಒಂದು ಕೋರಮಂಗಲದ ದಿಕ್ಕಿನಲ್ಲಿರುವ ಮಹಿಳಾ ಕಾಲೇಜು. ಇನ್ನೊಂದು ಮಹಾತ್ಮಾ ಗಾಂಧಿ ರಸ್ತೆಯ ಕಡೆ, ಹುಡುಗರೂ ಹುಡುಗಿಯರೂ ಓದುವ ಕಾಲೇಜು. ತಂದೆಗೆ ಮೊದಲನೆಯದು ಬೇಕು, ಮಗಳಿಗೆ ಎರಡನೆಯದು ಬೇಕು ಎಂದು ನಮಗೆ ತಿಳಿಸಲಾಯಿತು. ಒಂದು ಸಂಜೆ ಕರೆದರು, ಹೋದೆವು.

ಅಬ್ಬಾ, ಅಮ್ಮಿ, ದಾದಿ, ಚಾಚಾ, ಎಲ್ಲರೂ ಕುಳಿತಿದ್ದರು. ಒಂದೂವರೆ ಗಂಟೆ ಚರ್ಚೆ ನಡೆಯಿತು. ಆ ಒಂದೂವರೆ ಗಂಟೆಯಲ್ಲಿ ಹುಡುಗಿ ಎರಡು ಬಾರಿ ಚಹಾ ತಂದಳು. ಯಾರೂ ಆಕೆಯನ್ನು ಏನೂ ಕೇಳಲಿಲ್ಲ. ಕೊನೆಗೆ ನಾವೇ, “ಬೇಟಾ, ನೀನು ಏನು ಹೇಳುತ್ತೀ?” ಎಂದೆವು. ಆಕೆ ತಂದೆಯ ಮುಖ ನೋಡಿ, “ಅಬ್ಬಾ ಹೇಗೆ ಹೇಳುತ್ತಾರೋ ಹಾಗೆ” ಎಂದಳು. ಇದು ವಿಧೇಯತೆಯೆಂದು ದಾದಿ ಸಂತೋಷಪಟ್ಟರು. ನಮಗೆ ಮಾತ್ರ ಅದು ಬಾಗಿಲು ಮುಚ್ಚಿದ ಸದ್ದಿನಂತೆ ಕೇಳಿಸಿತು.

ಆಗ ನಾವು ಒಂದು ಕೆಲಸ ಮಾಡಿದೆವು. ಪ್ರತಿಯೊಬ್ಬರಿಗೂ ಒಂದೊಂದು ಚೀಟಿ ಕೊಟ್ಟು, ಕಾಲೇಜಿನ ಗುಣಗಳನ್ನು ಬರೆಯಬೇಡಿ, ನಿಮ್ಮ ಮನಸ್ಸಿನಲ್ಲಿರುವ ಭಯವನ್ನಷ್ಟೇ ಬರೆಯಿರಿ ಎಂದೆವು. ತಂದೆ ಬರೆದರು: ‘ಸಂಜೆ ತಡವಾದರೆ?’ ತಾಯಿ ಬರೆದರು: ‘ಬುರ್ಖಾಗೆ ತಕರಾರು ಮಾಡಿದರೆ?’ ಚಾಚಾ ಬರೆದರು: ‘ನಾಳೆ ಸಂಬಂಧ ನೋಡುವಾಗ ಜನ ಏನಾದರೂ ಅಂದರೆ?’ ಹುಡುಗಿ ಬರೆದುದು ಇಷ್ಟು: ‘ನಾನು ಆರಿಸಿದ ಕಾಲೇಜಿನಲ್ಲಿ ಅಂಕ ಕಡಿಮೆ ಬಂದರೆ, ನೀನೇ ಹಟ ಮಾಡಿದ್ದು ಎಂದು ಜೀವನಪೂರ್ತಿ ಹೇಳುತ್ತಾರೆ.’

ಚೀಟಿಗಳನ್ನು ಓದಿದಾಗ ಕೋಣೆ ಮೌನವಾಯಿತು. ಅಷ್ಟು ಹೊತ್ತು ನಡೆದ ಚರ್ಚೆಯಲ್ಲಿ ಈ ನಾಲ್ಕರಲ್ಲಿ ಒಂದು ಮಾತೂ ಬಂದಿರಲಿಲ್ಲ. ಎಲ್ಲರೂ ಕಾಲೇಜಿನ ಹೆಸರು ಹಿಡಿದು ವಾದಿಸುತ್ತಿದ್ದರು. ನಿಜವಾದ ಕಾರಣಗಳು ಒಳಗೇ ಇದ್ದವು.

ಉಹುದ್‌ನ ಪಾಠ

ಮಾನ್ಯರೇ, ಪವಿತ್ರ ಕುರ್‌ಆನಿನ 42ನೇ ಅಧ್ಯಾಯಕ್ಕೆ ‘ಅಶ್ಶೂರಾ’ ಎಂದೇ ಹೆಸರು. ಶೂರಾ ಎಂದರೆ ಸಮಾಲೋಚನೆ. ನಾವು ಈ ಪದವನ್ನು ಜಮಾಅತ್ ಸಮಿತಿಯ ಸಭೆಗಳಲ್ಲಿ ಬಳಸುತ್ತೇವೆ, ಸ್ವಂತ ಮನೆಯ ಮಕ್ಕಳೊಂದಿಗೆ ಬಳಸುವುದಿಲ್ಲ. ಉಹುದ್ ಯುದ್ಧದ ಪ್ರಸಂಗವನ್ನು ನೆನಪಿಸಿಕೊಳ್ಳಿ. ಹಿಜರಿ 3ನೇ ವರ್ಷ. ಮದೀನಾ ನಗರದೊಳಗೇ ಇದ್ದು ರಕ್ಷಿಸಿಕೊಳ್ಳುವುದು ಲೇಸೆಂಬುದು ಪ್ರವಾದಿಯವರ(ಸ) ಒಲವಾಗಿತ್ತು. ಹೊರಗೆ ಹೋಗಿ ಎದುರಿಸೋಣವೆಂದು ಉತ್ಸಾಹದಿಂದ ಹೇಳಿದವರಲ್ಲಿ ಯುವಕರೇ ಹೆಚ್ಚು. ಪ್ರವಾದಿಯವರು(ಸ) ಅವರ ಮಾತಿಗೆ ಬೆಲೆಕೊಟ್ಟು ಯುದ್ಧಕ್ಕೆ ಸಜ್ಜಾದರು. ಆಮೇಲೆ ಯುವಕರೇ ಅಳುಕಿ, ತಮ್ಮ ಇಚ್ಛೆಯಂತೆಯೇ ಆಗಲಿ ಎಂದಾಗಲೂ ಅವರು ನಿರ್ಧಾರವನ್ನು ಬದಲಿಸಲಿಲ್ಲ.

ಆ ದಿನ ಮುಸ್ಲಿಮರಿಗೆ ದೊಡ್ಡ ನಷ್ಟವಾಯಿತು. ಎಪ್ಪತ್ತರಷ್ಟು ಮಂದಿ ಹುತಾತ್ಮರಾದರು. ಸ್ವತಃ ಪ್ರವಾದಿಯವರು(ಸ) ಗಾಯಗೊಂಡರು. ‘ನಾನು ಮೊದಲೇ ಹೇಳಿದ್ದೆ, ನೀವು ಕೇಳಲಿಲ್ಲ’ ಎಂದು ಆ ಯುವಕರನ್ನು ಹಂಗಿಸಲು ಇದಕ್ಕಿಂತ ದೊಡ್ಡ ಅವಕಾಶ ಬೇಕಿತ್ತೇ? ಆದರೆ ಉಹುದ್‌ನ ಬಳಿಕ ಬಂದ ದೈವಿಕ ಮಾರ್ಗದರ್ಶನವು ಅವರನ್ನು ಕ್ಷಮಿಸುವಂತೆಯೂ ಮುಂದೆಯೂ ಅವರೊಂದಿಗೆ ಸಮಾಲೋಚಿಸುವಂತೆಯೂ ಕಲಿಸಿತು. ಫಲಿತಾಂಶ ಕೆಟ್ಟಿತೆಂದು ಸಮಾಲೋಚನೆಯ ಬಾಗಿಲು ಮುಚ್ಚಲಿಲ್ಲ. ಆ ಹುಡುಗಿಯ ಚೀಟಿಗೆ ಇದಕ್ಕಿಂತ ಉತ್ತಮ ಉತ್ತರ ನಮಗೆ ತಿಳಿಯದು. ಮಗುವಿಗೆ ಆಯ್ಕೆಯ ಹಕ್ಕು ಕೊಡುವುದು ಅರ್ಧ ಕೆಲಸ. ಆ ಆಯ್ಕೆ ತಪ್ಪಿದರೂ ಹಂಗಿಸುವುದಿಲ್ಲವೆಂದು ಮಾತು ಕೊಡುವುದು ಉಳಿದರ್ಧ. ಎರಡನೆಯದಿಲ್ಲದೆ ಮೊದಲನೆಯದು ಬರೀ ನಟನೆ. ನಮ್ಮ ಮಕ್ಕಳು ಮೌನವಾಗಿರುವುದು ಅವರಿಗೆ ಅಭಿಪ್ರಾಯವಿಲ್ಲದ್ದರಿಂದಲ್ಲ, ಅಭಿಪ್ರಾಯದ ಬೆಲೆ ತೆರಲು ಅಂಜುವುದರಿಂದ.

ಇಸ್ತಿಖಾರದ ಬಗ್ಗೆಯೂ ಒಂದು ಮಾತು. ಮಾಡಿರಿ, ಮಕ್ಕಳಿಂದಲೂ ಮಾಡಿಸಿರಿ. ಎರಡು ಸಮ್ಮತ ಕಾರ್ಯಗಳ ನಡುವೆ ಒಳಿತನ್ನು ಬೇಡುವ ಪ್ರಾರ್ಥನೆ ಅದು. ಆದರೆ ಕನಸು ಬೀಳಲಿ ಎಂದು ಕಾಯುತ್ತಾ ಶುಲ್ಕದ ಕೊನೆಯ ದಿನಾಂಕ ಕಳೆದುಕೊಂಡವರನ್ನು ನಾವು ಬಲ್ಲೆವು. ಇಸ್ತಿಖಾರವು ವಿಚಾರಣೆಗೆ ಬದಲಿಯಲ್ಲ. ವಿಚಾರಿಸಿ, ಸಮಾಲೋಚಿಸಿ, ಪ್ರಾರ್ಥಿಸಿ, ಬಳಿಕ ಅಲ್ಲಾಹನ ಮೇಲೆ ಭರವಸೆಯಿಟ್ಟು ಹೆಜ್ಜೆಯಿಡಬೇಕು.

ಎರಡು ಮುಂಜಾನೆಗಳು

ಆ ಮನೆಯ ಕಥೆಗೆ ಮರಳೋಣ. ಭಯಗಳು ಹೊರಬಂದ ಮೇಲೆ ಅವನ್ನು ಪರೀಕ್ಷಿಸುವುದು ಸುಲಭವಾಯಿತು. ತಾಯಿ ಮತ್ತು ಮಗಳು ಎರಡು ದಿನ, ಕಾಲೇಜಿನ ಹೊತ್ತಿಗೇ, ಎರಡೂ ದಾರಿಗಳಲ್ಲಿ ಹೋಗಿ ಬಂದರು. ಕೋರಮಂಗಲದ ಕಡೆಗೆ ದೊಮ್ಮಲೂರಿನಲ್ಲಿ ಬಸ್ಸು ಬದಲಿಸಬೇಕಾಯಿತು. ಬೆಳಗಿನ ವಾಹನ ದಟ್ಟಣೆಯಲ್ಲಿ ಹೊತ್ತು ಹೆಚ್ಚೇ ಹಿಡಿಯಿತು. ಆದರೆ 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ಖರ್ಚಿಲ್ಲ. ಇನ್ನೊಂದು ಕಾಲೇಜಿಗೆ ಇಂದಿರಾನಗರ ನಿಲ್ದಾಣದಿಂದ ಮೆಟ್ರೋ. ಹಲಸೂರು, ಟ್ರಿನಿಟಿ ದಾಟಿದರೆ ಮೂರನೆಯದೇ ಮಹಾತ್ಮಾ ಗಾಂಧಿ ರಸ್ತೆ. ರೈಲಿನಲ್ಲಿ ಕೆಲವೇ ನಿಮಿಷ, ಆದರೆ ಮನೆಯಿಂದ ನಿಲ್ದಾಣ ತಲುಪಲು ಆಟೋ ಅಥವಾ ಬಸ್ಸು ಬೇಕು, ಮೆಟ್ರೋಗೆ ಹಣವನ್ನೂ ಕೊಡಬೇಕು. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮೊದಲ ಮೆಟ್ರೋ ಓಡುವ ಮುಂಚೆ ಈ ಆಯ್ಕೆಯೇ ಇರಲಿಲ್ಲ. ತಂದೆಯ ಮನಸ್ಸಿನಲ್ಲಿದ್ದದ್ದು ಆ ಹಳೆಯ ಬೆಂಗಳೂರಿನ ದಾರಿಯಾಗಿತ್ತು.

ಉಡುಪಿನ ಬಗ್ಗೆ ತಾಯಿಯೇ ಎರಡೂ ಕಚೇರಿಗಳಲ್ಲಿ ಕೇಳಿದರು. ಎರಡೂ ಕಡೆ ಅಡ್ಡಿಯಿಲ್ಲವೆಂಬ ಉತ್ತರ ದೊರೆಯಿತು. ಹುಡುಗಿ ಎರಡೂ ಗ್ರಂಥಾಲಯಗಳನ್ನು ನೋಡಿದಳು, ಎರಡೂ ಕಡೆ ಅಂತಿಮ ವರ್ಷದ ವಿದ್ಯಾರ್ಥಿನಿಯರನ್ನು ಮಾತನಾಡಿಸಿದಳು. ಅಧ್ಯಾಪಕರು ಖಾಯಂ ಆಗಿದ್ದಾರೆಯೇ, ವರ್ಷದ ನಡುವೆ ಬದಲಾಗುತ್ತಾರೆಯೇ ಎಂದು ಕೇಳಿದಳು. ಇದು ನಾವು ಹೇಳಿಕೊಟ್ಟ ಪ್ರಶ್ನೆಯಲ್ಲ, ಆಕೆಯದೇ.

ಮೂರನೆಯ ರಾತ್ರಿ ತಂದೆ ಮಗಳನ್ನು ಕರೆದು ಹೇಳಿದರು: “ನನ್ನ ಭಯ ನನ್ನದು. ಮೆಟ್ರೋ ದಾರಿಯನ್ನು ನಿನ್ನ ಅಮ್ಮಿ ನೋಡಿ ಬಂದಿದ್ದಾಳೆ. ನೀನು ಯಾವುದನ್ನು ಹೇಳಿದರೂ ನಾಳೆ ಶುಲ್ಕ ಕಟ್ಟುತ್ತೇನೆ. ಏನಾದರೂ ಕೆಟ್ಟರೆ ನಿನ್ನನ್ನು ದೂರುವುದಿಲ್ಲ.” ಆಕೆ ಒಂದು ರಾತ್ರಿ ಯೋಚಿಸಿದಳು. ಬೆಳಿಗ್ಗೆ ಹೇಳಿದ್ದು ಮಹಿಳಾ ಕಾಲೇಜಿನ ಹೆಸರು. ಅಲ್ಲಿ ಲೆಕ್ಕಶಾಸ್ತ್ರ ಕಲಿಸುವವರು ಬಹಳ ವರ್ಷಗಳಿಂದ ಇದ್ದಾರೆ, ಅಲ್ಲಿನ ಗ್ರಂಥಾಲಯ ತನಗೆ ಒಗ್ಗುತ್ತದೆ ಎಂಬುದು ಆಕೆ ಕೊಟ್ಟ ಕಾರಣ.

ಹಾಗಾದರೆ ಇಷ್ಟೆಲ್ಲ ಏಕೆ, ಮೊದಲ ದಿನವೇ ತಂದೆ ಆಜ್ಞೆ ಮಾಡಿದ್ದರೆ ಸಾಕಿತ್ತಲ್ಲ ಎಂದು ನೀವು ಕೇಳಬಹುದು. ಚಾಚಾ ಕೂಡ ಅದನ್ನೇ ಕೇಳಿದರು. ಕಾಲೇಜು ಅದೇ, ಬಸ್ಸು ಅದೇ. ಆದರೆ ಆಜ್ಞೆಯಿಂದ ಹೋದವಳು ಮೊದಲ ಕಷ್ಟ ಬಂದಾಗ ಕಾಲೇಜನ್ನು ದೂರುತ್ತಿದ್ದಳು, ತಂದೆಯನ್ನು ದೂರುತ್ತಿದ್ದಳು. ತಾನೇ ನೋಡಿ ಆರಿಸಿದವಳು ಕಷ್ಟ ಬಂದಾಗ ದಾರಿ ಹುಡುಕುತ್ತಾಳೆ. ಇದನ್ನು ಜಾಣ ಉಪಾಯವೆಂದು ಯಾರೂ ತಿಳಿಯಬಾರದು. ಆಕೆ ಇನ್ನೊಂದು ಕಾಲೇಜಿನ ಹೆಸರು ಹೇಳಿದ್ದರೂ ಆ ತಂದೆ ಮಾತಿಗೆ ತಪ್ಪುವಂತಿರಲಿಲ್ಲ. ಇನ್ನೊಂದು ಮನೆಯ ಮಗಳು ಮೆಟ್ರೋ ದಾರಿಯ ಕಾಲೇಜನ್ನೇ ಆರಿಸಿದರೆ ಅದೂ ಸರಿಯಾದ ಆಯ್ಕೆಯೇ. ಈ ಕಥೆಯಿಂದ ಕಾಲೇಜನ್ನು ನಕಲು ಮಾಡಬೇಡಿ, ಆ ಮೂರು ದಿನಗಳ ವಿಚಾರಣೆಯನ್ನು ನಕಲು ಮಾಡಿ.

ಬಿಟ್ಟುಕೊಟ್ಟ ಸೀಟಿನ ಹೊಣೆ

ಕೊನೆಯದಾಗಿ, ಆರಿಸದೆ ಬಿಟ್ಟ ಕಾಲೇಜಿನ ಬಗ್ಗೆ. ಎರಡು ಕಡೆ ಹಣ ಕಟ್ಟಿ, ಎರಡು ಸೀಟನ್ನೂ ಹಿಡಿದಿಟ್ಟುಕೊಂಡು, ತರಗತಿ ಶುರುವಾದ ಮೇಲೆ ನೋಡೋಣವೆನ್ನುವವರಿದ್ದಾರೆ. ಇದು ಜಾಣತನವಲ್ಲ. ಆ ಎರಡನೆಯ ಸೀಟಿಗೆ ಕಾಯುತ್ತಿರುವ ಮಗು ಒಂದಿದೆ. ಅದು ಕೆ.ಆರ್. ಪುರದ ಕೂಲಿಕಾರನ ಮಗಳಿರಬಹುದು, ಶಿವಾಜಿನಗರದ ದರ್ಜಿಯ ಮಗನಿರಬಹುದು. ಯಾವ ಧರ್ಮದ್ದೇ ಆಗಿರಲಿ, ನಾವು ಹಿಡಿದಿಟ್ಟ ಪ್ರತಿಯೊಂದು ದಿನವೂ ಆ ಮಗುವಿನ ಹಕ್ಕಿನ ದಿನ. ಹುಕೂಕುಲ್ ಇಬಾದ್, ಅಂದರೆ ಮನುಷ್ಯರ ಹಕ್ಕುಗಳ ಬಗ್ಗೆ ಮಿಂಬರಿನಿಂದ ಕೇಳುತ್ತೇವಲ್ಲ, ಅದು ಇಂಥಲ್ಲೇ ಆಚರಣೆಗೆ ಬರಬೇಕು.

ಹಣ ಮುಳುಗುತ್ತದೆಂಬ ಭಯದಿಂದ ಹಿಡಿದಿಡುವವರು ಒಂದು ನಿಯಮವನ್ನು ತಿಳಿದಿರಲಿ. ಪದವಿ ಕಾಲೇಜುಗಳಿಗೆ ಸಂಬಂಧಿಸಿ ಯುಜಿಸಿ 2018ರಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, ಪ್ರವೇಶದ ಘೋಷಿತ ಕೊನೆಯ ದಿನಾಂಕಕ್ಕೆ 15 ಅಥವಾ ಹೆಚ್ಚು ದಿನ ಮುಂಚೆ ಸೀಟು ಬಿಟ್ಟರೆ ಅಲ್ಪ ಸಂಸ್ಕರಣಾ ಶುಲ್ಕ ಕಳೆದು ಪೂರ್ಣ ಮೊತ್ತ ಹಿಂದಿರುಗಿಸಬೇಕು. 15 ದಿನದೊಳಗೆ ಬಂದು ಬಿಟ್ಟರೆ ಶೇಕಡ 90. ಕೊನೆಯ ದಿನಾಂಕ ಕಳೆದು 15 ದಿನದೊಳಗಾದರೆ ಶೇಕಡ 80, 30 ದಿನದೊಳಗಾದರೆ ಶೇಕಡ 50. ಆ ಬಳಿಕ ಏನೂ ಇಲ್ಲ. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ತನ್ನಲ್ಲೇ ಇಟ್ಟುಕೊಳ್ಳಬಾರದೆಂದೂ ಅದರಲ್ಲಿದೆ. ಆದ್ದರಿಂದ ಬೇಗ ಬಿಡುವುದು ಧರ್ಮವೂ ಹೌದು, ಲಾಭವೂ ಹೌದು. ಲಿಖಿತ ಪತ್ರ ಕೊಟ್ಟು, ಸ್ವೀಕೃತಿ ಪಡೆದು, ದಾಖಲೆಗಳನ್ನು ತನ್ನಿ. ಆ ಹುಡುಗಿಯ ತಂದೆ ಮಗಳು ಹೆಸರು ಹೇಳಿದ ದಿನವೇ ಇನ್ನೊಂದು ಕಾಲೇಜಿಗೆ ಹೋಗಿ ಸೀಟು ಬಿಟ್ಟುಕೊಟ್ಟು ಬಂದರು.

ಆರಿಸಿದ ಮೇಲೆ ಹಿಂತಿರುಗಿ ನೋಡಬೇಡಿ. ‘ಅಲ್ಲಿ ಸೇರಿದ್ದರೆ’ ಎಂಬ ಮಾತನ್ನು ಊಟದ ಸುಫ್ರಾದ ಮೇಲೆ ತರಬೇಡಿ. ಪಕ್ಕದ ಮನೆಯ ಮಗುವಿನ ಅಂಕದೊಂದಿಗೆ ಹೋಲಿಸಬೇಡಿ. ಆದರೆ ಮಗು ನಿಜವಾಗಿಯೂ ಬಳಲುತ್ತಿದ್ದರೆ, ನಮ್ಮ ಮೊದಲ ಕಥೆಯ ಹುಡುಗನಂತೆ ಮಾತೆತ್ತಿದರೆ, ದಯವಿಟ್ಟು ಕೇಳಿ. ಕಟ್ಟಿದ ಹಣಕ್ಕಿಂತ ಮಗು ದೊಡ್ಡದು.

ಪ್ರೀತಿಯ ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಗೆಳೆಯ ಸೇರಿದನೆಂದು, ಕಟ್ಟಡ ಚೆಂದವಿದೆಯೆಂದು ಆರಿಸಿದರೆ ನೀವೂ ಹೆಸರಿನ ಹಿಂದೆ ಹೋದ ತಂದೆಯಂತೆಯೇ ಆದಿರಿ. ಆಯ್ಕೆಯ ಹಕ್ಕು ಕೇಳುವವರು ವಿಚಾರಣೆಯ ಶ್ರಮವನ್ನೂ ಪಡಬೇಕು. ಮತ್ತು ಅಬ್ಬಾ ಅಮ್ಮಿಯ ಭಯದ ಹಿಂದೆ ಪ್ರೀತಿಯಿದೆ ಎಂಬುದನ್ನು ಮರೆಯಬೇಡಿ. ಅದನ್ನು ಹೊರಹಾಕಲು ಅವರಿಗೂ ಒಂದು ಚೀಟಿ ಬೇಕಾಗುತ್ತದೆ.

ಈ ಬಡಾವಣೆಯ ಹೆಸರಿನಲ್ಲೇ ಜೀವವಿಮೆಯಿದೆ. ಆದರೆ ಯಾವ ಕಾಲೇಜೂ ಮಕ್ಕಳ ಭವಿಷ್ಯಕ್ಕೆ ವಿಮಾ ಪಾಲಿಸಿಯಲ್ಲ. ಮಗು ಸೋತರೂ ಗೆದ್ದರೂ ಸಂಜೆ ಮನೆಗೆ ಬಂದು ನಡೆದದ್ದನ್ನು ಹೆದರದೆ ಹೇಳುವಂತಿದ್ದರೆ, ಆ ಮನೆ ಮಾಡಬೇಕಾದ್ದನ್ನು ಮಾಡಿದೆ. ಅಂಥ ಮನೆಗಳನ್ನು ಕಟ್ಟುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ನಮ್ಮ ಮಕ್ಕಳ ಜ್ಞಾನವನ್ನು ಈ ನಾಡಿಗೂ ಮನುಕುಲಕ್ಕೂ ಪ್ರಯೋಜನಕಾರಿಯಾಗಿಸಲಿ. ಆಮೀನ್.